ಹಳೆಯ ಗಣಕದ ಮೌನ

ಹಳೆಯ ಯಂತ್ರವೊಂದು ಕೆಲಸ ನಿಲ್ಲಿಸಿದೊಡನೆ ಅದರ ಕಾಲ ಮುಗಿಯಿತೆಂದು ತೀರ್ಪು ಕೊಡುವವರು ನಮ್ಮಲ್ಲಿ ಬಹಳ. ನಾಡಿ ಹಿಡಿಯದೆ ಕೈಚೆಲ್ಲುವ ವೈದ್ಯನಿಗೂ ಇವರಿಗೂ ಹೆಚ್ಚಿನ ಅಂತರವಿಲ್ಲ. 1981ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆ ಹೊರತಂದ 5150 ಎಂಬ ಮೇಜಿನ ಗಣಕಯಂತ್ರವನ್ನೇ ನೋಡೋಣ. ನಾಲ್ಕು ದಶಕಗಳು ಕಳೆದರೂ ಅದು ಆಸಕ್ತರ ಮನೆಗಳಲ್ಲಿಯೂ ವಸ್ತುಸಂಗ್ರಹಾಲಯಗಳಲ್ಲಿಯೂ ಉಳಿದುಬಂದಿದೆ. ಅಂಥದೊಂದು ಯಂತ್ರ ಒಂದು ದಿನ ಏಳದೆ ಹೋದರೆ ಮಾಡತಕ್ಕದ್ದೇನು?

ಮೊದಲು, ಅದು ನಿಜವಾಗಿ ಮೌನವಾಗಿದೆಯೇ ಎಂಬುದನ್ನು ಪರೀಕ್ಷಿಸಬೇಕು. ವಿದ್ಯುತ್ತು ಹರಿದ ಕೂಡಲೆ ಈ ಗಣಕ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಎಲ್ಲವೂ ಸರಿಯಿದ್ದರೆ ಒಂದು ಸಣ್ಣ 'ಬೀಪ್' ಸದ್ದು ಮಾಡುತ್ತದೆ. ತೆರೆಯ ಮೇಲೆ 201 ಎಂದು ಮೂಡಿದರೆ ದೋಷ ಸ್ಮರಣಕೋಶದಲ್ಲಿದೆ. 301 ಎಂದರೆ ಕೀಲಿಮಣೆಯಲ್ಲಿ. 601 ಎಂದರೆ ಫ್ಲಾಪಿಯ ಭಾಗದಲ್ಲಿ. ಫ್ಲಾಪಿಯನ್ನು ಓದಲಾಗದಿದ್ದರೆ ಯಂತ್ರವು ತನ್ನೊಳಗೇ ಅಚ್ಚೊತ್ತಿರುವ ಬೇಸಿಕ್ ಭಾಷೆಯನ್ನು ತೆರೆಗೆ ತರುತ್ತದೆ. ಅರಿಯದವರು ಇದನ್ನೇ ಕೇಡೆಂದು ಬಗೆಯುತ್ತಾರೆ. ವಾಸ್ತವವಾಗಿ ಮುಖ್ಯಫಲಕ ಬಹುಮಟ್ಟಿಗೆ ಆರೋಗ್ಯವಾಗಿದೆ ಎಂಬುದಕ್ಕೆ ಅದು ಸಾಕ್ಷಿ.

ಸದ್ದೂ ಇಲ್ಲ, ಬೆಳಕೂ ಇಲ್ಲ ಎಂದಾಗ ಬಹುಮಂದಿ ವಿದ್ಯುತ್ ಪೂರೈಸುವ ಪೆಟ್ಟಿಗೆಯೇ ಕೆಟ್ಟಿತೆಂದು ಅದನ್ನು ಎಸೆಯಲು ಹೊರಡುತ್ತಾರೆ. ಆದರೆ ಈ ಯಂತ್ರಗಳಲ್ಲಿ ಕಡಲೆಕಾಳಿನಷ್ಟು ಗಾತ್ರದ ಟ್ಯಾಂಟಲಮ್ ಕೆಪ್ಯಾಸಿಟರುಗಳಿವೆ. 12 ವೋಲ್ಟಿನ ಮಾರ್ಗದಲ್ಲಿರುವ ಅಂಥದೊಂದು ವಯಸ್ಸಾಗಿ ಶಾರ್ಟ್ ಆದರೆ, ಪೂರೈಕೆಯ ಪೆಟ್ಟಿಗೆ ಅಪಾಯವನ್ನರಿತು ತಾನೇ ನಿಂತುಬಿಡುತ್ತದೆ. ಅದನ್ನು ದೂರುವುದೆಂದರೆ ಕಾವಲುಗಾರನನ್ನೇ ಕಳ್ಳನೆಂದು ಹಿಡಿದಂತೆ. ಕೆಪ್ಯಾಸಿಟರು ಕೆಲವೊಮ್ಮೆ ಸಿಡಿದು ಹೊಗೆ ಕಾರುವುದುಂಟು. ಅದೇ ಲೇಸು, ಹುಡುಕುವ ಶ್ರಮ ತಪ್ಪುತ್ತದೆ. ಗುರುತು ತೋರದಿದ್ದಾಗ ವಿದ್ಯುತ್ತನ್ನು ಪೂರ್ಣವಾಗಿ ಕಡಿದು, ಕಾರ್ಡುಗಳನ್ನೆಲ್ಲ ಹೊರತೆಗೆದು, ಒಂದೊಂದಾಗಿ ಮರಳಿ ಸೇರಿಸಿ ನೋಡಬೇಕು. ಪ್ರತಿಯೊಂದನ್ನು ಸೇರಿಸುವ ಮುನ್ನ ಯಂತ್ರವನ್ನು ಆರಿಸಲೇಬೇಕು. ತೆರೆಯ ಕಾರ್ಡಿಲ್ಲದಾಗ ಒಂದು ದೀರ್ಘ, ಎರಡು ಹ್ರಸ್ವ ಸದ್ದುಗಳು ಕೇಳಿದರೆ ಅದೂ ಶುಭವಾರ್ತೆಯೇ: ಯಂತ್ರದ ಮಿದುಳು ಜೀವಂತವಾಗಿದೆ! ಪೂರೈಕೆಯ ಪೆಟ್ಟಿಗೆಯನ್ನಾಗಲಿ ಮಾನಿಟರನ್ನಾಗಲಿ ವಿದ್ಯಾರ್ಥಿಗಳು ಬಿಚ್ಚಕೂಡದು. ತಂತಿ ಕಿತ್ತ ಮೇಲೂ ಅವುಗಳೊಳಗೆ ಅಪಾಯಕರ ವಿದ್ಯುತ್ತು ಉಳಿದಿರುತ್ತದೆ.

ಇಷ್ಟೆಲ್ಲ ಸಾಧ್ಯವಾದುದು ಹೇಗೆ? ಮಂಡಲಗಳ ನಕ್ಷೆಗಳನ್ನೂ, ಯಂತ್ರವನ್ನು ಎಬ್ಬಿಸುವ ಕ್ರಮವಿಧಿಯ ಪೂರ್ಣ ಪಾಠವನ್ನೂ ಐ.ಬಿ.ಎಂ. ತನ್ನ ತಾಂತ್ರಿಕ ಕೈಪಿಡಿಯಲ್ಲಿ ಅಚ್ಚುಹಾಕಿ ಮಾರಿತು. ಇದು ಬರಿಯ ಔದಾರ್ಯವಲ್ಲ. ಇತರರು ಈ ಯಂತ್ರಕ್ಕೆ ಕಾರ್ಡುಗಳನ್ನು ತಯಾರಿಸಲಿ ಎಂಬ ವ್ಯಾಪಾರದೃಷ್ಟಿಯೂ ಇತ್ತು. 1982ರಲ್ಲಿಯೇ ಕಾಂಪ್ಯಾಕ್ ಸಂಸ್ಥೆ ಹೊಂದಾಣಿಕೆಯ ಯಂತ್ರವನ್ನು ಪ್ರಕಟಿಸಿತು. ಬಿಚ್ಚುಮನಸ್ಸು ತಯಾರಕನಿಗೆ ನಷ್ಟ ತಂದಿತೆಂದು ವಾದಿಸುವವರಿಗೆ ಇಲ್ಲಿ ಆಧಾರವಿದೆ. ಆದರೆ ಕೊಂಡವನಿಗೆ ಅದರಿಂದ ಲಾಭವಾಯಿತೆಂಬುದನ್ನು ಅವರು ಗಣನೆಗೆ ತರುವುದಿಲ್ಲ.

ಇಂದಿನ ಸಾಧನಗಳು ಚಿಕ್ಕವಾಗಿವೆ, ಬಿಗಿಯಾಗಿವೆ, ಒಪ್ಪೋಣ. ಯಂತ್ರ ಚಿಕ್ಕದಾಯಿತೆಂದು ನಕ್ಷೆಯೂ ಮರೆಯಾಗಬೇಕೆ? ತಾನು ಬಿಡಿಭಾಗಗಳನ್ನು ಮಾರುವುದನ್ನು ನಿಲ್ಲಿಸಿದ ದಿನವೇ ತಯಾರಕನು ನಕ್ಷೆಯನ್ನು ಜನರ ಕೈಗೊಪ್ಪಿಸತಕ್ಕದ್ದು ಎಂಬುದು ನನ್ನ ಅಭಿಪ್ರಾಯ. ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಕುರಿತು ಕೆಲಸವನ್ನಾರಂಭಿಸಿತು. ಆ ಹಕ್ಕಿನಲ್ಲಿ ಸೇವಾಕೇಂದ್ರದ ವಿಳಾಸದೊಡನೆ ನಕ್ಷೆಗೂ ಒಂದು ಸ್ಥಾನ ದೊರೆಯಬೇಕು.