ಫೋನು ನಮ್ಮದು, ಅಪ್ಪಣೆ ಯಾರದು?

ಕೆಲವು ವರ್ಷಗಳ ಹಿಂದೆ ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅವಳ ಮೊಬೈಲ್ ಫೋನಿನ ಕಥೆ ಕೇಳಿ ಅಚ್ಚರಿಪಟ್ಟೆ. ತಯಾರಕರು ಸುರಕ್ಷತೆಯ ಹೊಸ ತಂತ್ರಾಂಶ ಸಿದ್ಧಪಡಿಸಿ ವಾರಗಳೇ ಕಳೆದಿದ್ದವು. ಆದರೆ ದೂರವಾಣಿ ಸೇವಾ ಸಂಸ್ಥೆ ಅದನ್ನು ಪರೀಕ್ಷಿಸಿ ಒಪ್ಪುವವರೆಗೆ ಅದು ಅವಳ ಕೈಸೇರುವಂತಿರಲಿಲ್ಲ. ಹಣ ಕೊಟ್ಟವಳು ಇವಳು, ಅಪ್ಪಣೆ ಬೇರೆಯವರದು.

ಇದು ಅಲ್ಲಿನ ಹಳೆಯ ಪರಿಪಾಠ. ಎರಡು ವರ್ಷದ ಕರಾರಿಗೆ ಪ್ರತಿಯಾಗಿ ಅಗ್ಗದ ದರದಲ್ಲಿ ಫೋನು ಕೊಡುತ್ತಿದ್ದ ಸಂಸ್ಥೆಗಳು ಅದರ ಮೇಲಿನ ಹಿಡಿತವನ್ನೂ ಉಳಿಸಿಕೊಂಡವು. 2007ರಲ್ಲಿ ಬಂದ ಐಫೋನ್ ಅಲ್ಲಿ 2011ರ ಫೆಬ್ರುವರಿಯವರೆಗೆ ಎಟಿ ಅಂಡ್ ಟಿ ಗ್ರಾಹಕರಿಗೆ ಮಾತ್ರ ಮೀಸಲಾಗಿತ್ತು. 2015ರಲ್ಲಿ ಆಂಡ್ರಾಯ್ಡ್‌ನ ‘ಸ್ಟೇಜ್‌ಫ್ರೈಟ್’ ದೋಷ ಬಯಲಾಯಿತು. ಒಂದು ಸಂದೇಶ ಕಳಿಸಿಯೇ ಫೋನಿಗೆ ಕನ್ನ ಹಾಕಬಹುದಿತ್ತು. ಇಂಥ ದೋಷಗಳ ದುರಸ್ತಿ ಗ್ರಾಹಕರಿಗೆ ತಡವಾಗಿ ತಲುಪುವುದೇಕೆಂದು 2016ರ ಮೇ ತಿಂಗಳಲ್ಲಿ ಅಲ್ಲಿನ ಫೆಡರಲ್ ಸಂಪರ್ಕ ಆಯೋಗ ಸೇವಾ ಸಂಸ್ಥೆಗಳಿಂದ ವಿವರಣೆ ಕೇಳಿತು.

ಜಾಲಕ್ಕೆ ಧಕ್ಕೆಯಾಗದಂತೆ ಪರೀಕ್ಷೆ ಅಗತ್ಯವೆಂಬ ಸಂಸ್ಥೆಗಳ ವಾದವನ್ನು ತಳ್ಳಿಹಾಕಲಾರೆ. ಆದರೆ ಕಡತಗಳ ನಡುವೆ ಬದುಕು ಸವೆಸಿದ ನನಗೆ ಒಂದು ಮಾತು ಗೊತ್ತು: ಗಡುವಿಲ್ಲದ ಪರಿಶೀಲನೆ ನಿರಾಕರಣೆಗೆ ಸಮ. ವಿಳಂಬದ ಬೆಲೆ ತೆರುವವನು ವಿಳಂಬ ಮಾಡುವವನಲ್ಲವಾದರೆ ತ್ವರೆಗೆ ಕಾರಣವೇ ಇರುವುದಿಲ್ಲ. ಅರ್ಥಶಾಸ್ತ್ರವೂ ಹೇಳುವುದು ಇದನ್ನೇ.

ನಮ್ಮಲ್ಲಿ ಫೋನು, ಸಿಮ್ ಬಹುಮಟ್ಟಿಗೆ ಬೇರೆಬೇರೆಯಾಗಿ ಮಾರಾಟವಾಗುತ್ತಿರುವುದು ಪುಣ್ಯ. ಕೊಡುಗೆಗಳ ಆಮಿಷಕ್ಕೆ ಆ ಸ್ವಾತಂತ್ರ್ಯವನ್ನು ಒತ್ತೆಯಿಡಬಾರದು. ಸುರಕ್ಷತೆಯ ತಂತ್ರಾಂಶ ಎಷ್ಟು ದಿನಗಳೊಳಗೆ ಬಳಕೆದಾರನನ್ನು ತಲುಪಬೇಕೆಂಬುದನ್ನು ಸರ್ಕಾರ ಈಗಲೇ ನಿಯಮವಾಗಿಸುವುದು ಒಳಿತು.