ಅಪ್‌ಡೇಟ್ ಕಂಪನಿಯದು, ಕೆಟ್ಟ ಫ್ಯಾನ್ ಗ್ರಾಹಕರದೇ?



ಮೊಬೈಲ್ ಮತ್ತು ಎಲೆಕ್ಟ್ರಾನಿಕ್ ವಸ್ತುಗಳಿಗೆ ‘ರಿಪೇರಿ ಸೂಚ್ಯಂಕ’ ತರುವ ಬಗ್ಗೆ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ನೇಮಿಸಿದ್ದ ಭರತ್ ಖೇರಾ ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿದೆ. ಯಾವ ವಸ್ತು ಎಷ್ಟು ಸಲೀಸಾಗಿ ದುರಸ್ತಿಯಾಗುತ್ತದೆ ಎಂಬುದು ಕೊಳ್ಳುವ ಮೊದಲೇ ಗ್ರಾಹಕರಿಗೆ ಗೊತ್ತಾಗಬೇಕು ಎಂಬ ಯೋಚನೆ ಒಳ್ಳೆಯದೇ. ಆದರೆ ಸಮಿತಿ ಹೆಸರಿಸಿದ ಆದ್ಯತೆಯ ಬಿಡಿಭಾಗಗಳಲ್ಲಿ ಬ್ಯಾಟರಿ, ಡಿಸ್‌ಪ್ಲೇ, ಕ್ಯಾಮೆರಾ, ಚಾರ್ಜಿಂಗ್ ಪೋರ್ಟ್, ಸ್ಪೀಕರ್ ಇವೆ. ಲ್ಯಾಪ್‌ಟಾಪಿನ ಫ್ಯಾನ್ ಇಲ್ಲ. ಸಾಫ್ಟ್‌ವೇರ್ ಅಪ್‌ಡೇಟ್ ಕೂಡ ಒಂದು ಮಾನದಂಡವಾಗಿ ಸೇರಿದೆ. ಆದರೆ ಕಂಪನಿ ಕಳಿಸಿದ ಅಪ್‌ಡೇಟಿನಿಂದಲೇ ಯಂತ್ರ ಕೆಟ್ಟರೆ ಹೊಣೆ ಯಾರದು ಎಂಬುದು ಅಂಕ ಕೊಡುವುದರಿಂದ ಇತ್ಯರ್ಥವಾಗುವ ಮಾತಲ್ಲ.

ಲೋಕಾಪುರದಲ್ಲಿ ಲ್ಯಾಪ್‌ಟಾಪ್ ರಿಪೇರಿ ನನ್ನ ಕಸುಬು. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಕಡೆಯಿಂದಲೂ ಜನ ಬರುತ್ತಾರೆ. ಇತ್ತೀಚೆಗೆ ಒಂದೇ ತಕರಾರು ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ: “ರಾತ್ರಿ ಅಪ್‌ಡೇಟ್ ಆತ್ರಿ, ಮುಂಜಾನೆ ಚಾಲೂ ಮಾಡಿದ್ರ ಫ್ಯಾನ್ ಎರರ್ ಅಂತ ತೋರಸ್ತದ.”

ಕಳೆದ ಬೇಸಿಗೆಯಲ್ಲಿ ಪದವಿ ಓದುವ ಹುಡುಗಿಯೊಬ್ಬಳು ಇಂಥದೇ ಲ್ಯಾಪ್‌ಟಾಪ್ ತಂದಳು. ಕೆಳಗಿನ ಮುಚ್ಚಳ ಬಿಚ್ಚಿದೆ. ಫ್ಯಾನಿನ ಎಲೆಗಳ ಮೇಲೆ ತೆಳ್ಳಗೆ ಧೂಳಿತ್ತು, ಹೀಟ್‌ಸಿಂಕಿನ ಜಾಲರಿ ಕಟ್ಟಿಕೊಂಡಿರಲಿಲ್ಲ. ಬೆರಳಿನಿಂದ ತಳ್ಳಿದರೆ ಫ್ಯಾನ್ ಸರಾಗ ತಿರುಗಿತು. ಕನೆಕ್ಟರ್ ಕಳಚಿ ಹೊರಗಿನಿಂದ 5 ವೋಲ್ಟ್ ಕೊಟ್ಟೆ. ಪೂರ್ತಿ ವೇಗದಲ್ಲಿ ಓಡಿತು. ಮತ್ತೆ ಬೋರ್ಡಿಗೆ ಜೋಡಿಸಿದರೆ ಅದೇ ಎರರ್. ಅವಳ ಮನೆಯವರು ದೊಡ್ಡ ಊರಿನ ಅಧಿಕೃತ ಸರ್ವಿಸ್ ಕೇಂದ್ರಕ್ಕೂ ಒಯ್ದರು. ವಾರಂಟಿ ಮುಗಿದಿದೆ, ಮದರ್‌ಬೋರ್ಡ್ ಬದಲಿಸಬೇಕು, ನಿಮ್ಮ ಕಡೆ ಧೂಳು ಜಾಸ್ತಿ ಎಂಬ ಉತ್ತರ ಸಿಕ್ಕಿತು. ಅಪ್‌ಡೇಟ್ ಬಗ್ಗೆ ಕೇಳಿದ ಪ್ರಶ್ನೆಗೆ ಉತ್ತರ ಸಿಗಲೇ ಇಲ್ಲ.

ಧೂಳಿಲ್ಲ ಎಂದು ನಾನೂ ಹೇಳುವುದಿಲ್ಲ. ನಮ್ಮ ನೆಲವೇ ಸುಣ್ಣದಕಲ್ಲಿನದು. ಸುತ್ತ ಗಣಿಗಳು, ಕಲ್ಲು ತುಂಬಿದ ಲಾರಿಗಳು. ಕಬ್ಬಿನ ಹಂಗಾಮಿನಲ್ಲಿ ರವದಿ ಸುಟ್ಟ ಕರಿ ಮನೆಯೊಳಗೆ ಬರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಎಣ್ಣೆ ಒಣಗಿ ಬೇರಿಂಗ್ ಸವೆದ ಫ್ಯಾನುಗಳನ್ನು ನಾನೇ ಸಾಕಷ್ಟು ಬದಲಿಸಿದ್ದೇನೆ. ಆದರೆ ಹಾಗೆ ಸವೆದ ಫ್ಯಾನ್ ಸಾಮಾನ್ಯವಾಗಿ ಮೊದಲು ಕರಕರ ಎನ್ನುತ್ತದೆ, ವೇಗ ತಪ್ಪುತ್ತದೆ, ಆಮೇಲೆ ನಿಲ್ಲುತ್ತದೆ. ನಿನ್ನೆಯವರೆಗೆ ಸದ್ದಿಲ್ಲದೆ ಓಡಿ, ಅಪ್‌ಡೇಟ್ ಆದ ಮರುದಿನವೇ ಕೆಟ್ಟಿತೆನ್ನಿಸಿಕೊಳ್ಳುವ ಫ್ಯಾನಿನ ಕಥೆ ಬೇರೆ. ಅದಕ್ಕೂ ಧೂಳಿನತ್ತಲೇ ಬೊಟ್ಟು ಮಾಡುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಇದು ನಡೆಯುವ ಬಗೆ ಹೀಗಿದೆ. ಲ್ಯಾಪ್‌ಟಾಪ್ ಫ್ಯಾನಿಗೆ ಸಾಮಾನ್ಯವಾಗಿ ನಾಲ್ಕು ತಂತಿ. ಎರಡರಲ್ಲಿ ಕರೆಂಟ್ ಹರಿಯುತ್ತದೆ. ಇನ್ನೊಂದು, ಎಷ್ಟು ವೇಗದಲ್ಲಿ ತಿರುಗಬೇಕು ಎಂಬ ಆದೇಶ ಒಯ್ಯುತ್ತದೆ. ನಾಲ್ಕನೆಯದು ಎಷ್ಟು ಸುತ್ತು ತಿರುಗಿತು ಎಂಬ ಲೆಕ್ಕ ಮರಳಿ ತರುತ್ತದೆ. ಆದೇಶ ಕೊಡುವುದೂ ಲೆಕ್ಕ ನೋಡುವುದೂ ಎಂಬೆಡೆಡ್ ಕಂಟ್ರೋಲರ್ ಎಂಬ ಸಣ್ಣ ಚಿಪ್. ಅದರೊಳಗಿನ ತಂತ್ರಾಂಶ, ಅಂದರೆ ಫರ್ಮ್‌ವೇರ್, ಎಷ್ಟೋ ಮಾಡೆಲ್‌ಗಳಲ್ಲಿ ಬಯಾಸ್ (ಯಂತ್ರವನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ಅಪ್‌ಡೇಟಿನ ಜೊತೆಗೇ ಬದಲಾಗುತ್ತದೆ. ಆ ಬಯಾಸ್ ಅಪ್‌ಡೇಟ್ ಈಗ ಎಷ್ಟೋ ಸಲ ವಿಂಡೋಸ್ ಅಪ್‌ಡೇಟಿನ ಮೂಲಕವೇ ಬಂದು, ರೀಸ್ಟಾರ್ಟ್ ಮಾಡಿದಾಗ ತಾನೇ ಕೂತುಬಿಡುತ್ತದೆ. ಹೊಸ ಫರ್ಮ್‌ವೇರ್ ಫ್ಯಾನನ್ನು ಸದಾ ಜೋರಾಗಿ ಓಡಿಸಿದರೆ ಬೇರಿಂಗ್ ಬೇಗ ಸವೆಯುತ್ತದೆ. ತಡವಾಗಿ ಓಡಿಸಿದರೆ ಶಾಖ ಏರಿ ಯಂತ್ರ ನಿಧಾನವಾಗುತ್ತದೆ. ಸುತ್ತಿನ ಲೆಕ್ಕದ ಕನಿಷ್ಠ ಮಿತಿಯನ್ನು ಏರಿಸಿದರೆ, ಇನ್ನೂ ದುಡಿಯಬಲ್ಲ ಹಳೆಯ ಫ್ಯಾನನ್ನೂ ಯಂತ್ರ ಸತ್ತಿದೆ ಎಂದೇ ತಿಳಿಯುತ್ತದೆ.

ಈ ಮೂರರಲ್ಲಿ ಯಾವುದಾಯಿತು, ಅಥವಾ ಫ್ಯಾನ್ ನಿಜವಾಗಿಯೂ ತಾನೇ ಕೆಟ್ಟಿತೇ ಎಂದು ಹೊರಗಿನ ರಿಪೇರಿಯವನು ಪತ್ತೆ ಹಚ್ಚುವುದು ಹೇಗೆ? ಅಪ್‌ಡೇಟಿನ ವಿವರ ತೆರೆದರೆ ‘ಸ್ಥಿರತೆ ಸುಧಾರಿಸಲಾಗಿದೆ’ ಎಂಬಂಥ ಒಂದು ಸಾಲು ಇರುತ್ತದೆ. ಹಳೆಯ ಆವೃತ್ತಿ ಹಾಕಿ ನೋಡೋಣವೆಂದರೆ ಹಲವು ಮಾಡೆಲ್‌ಗಳಲ್ಲಿ ಆ ದಾರಿ ಮುಚ್ಚಿರುತ್ತಾರೆ. ಭದ್ರತೆಯ ಲೋಪ ಮುಚ್ಚಲು ಅಪ್‌ಡೇಟ್ ಬೇಕೇಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಫ್ಯಾನಿನ ವೇಗವನ್ನೂ ಅದರ ಜೊತೆಗೇ ಬೀಗ ಹಾಕಿ, ಏನು ಬದಲಿಸಿದೆವು ಎಂದೂ ಹೇಳದಿದ್ದರೆ ಸತ್ಯ ಗೊತ್ತಿರುವುದು ಕಂಪನಿಯೊಂದಕ್ಕೇ. ಆದ್ದರಿಂದ ನನ್ನ ವಾದ ಇಷ್ಟೇ: ಮಾರಿದ ಮೇಲೂ ಯಂತ್ರವನ್ನು ದೂರದಿಂದ ಬದಲಿಸುವವರೇ, ಆ ಬದಲಾವಣೆಯಿಂದ ಯಂತ್ರ ಕೆಟ್ಟಿಲ್ಲವೆಂದು ಸಾಬೀತು ಮಾಡಬೇಕು. ಆ ಹೊರೆ ಗ್ರಾಹಕರ ತಲೆಯ ಮೇಲೆ ಬೀಳಬಾರದು.

ಸಾಫ್ಟ್‌ವೇರಿನಿಂದ ಹಾರ್ಡ್‌ವೇರ್ ಕೆಡುತ್ತದೆಯೇ ಎಂದು ನಗುವವರು ಕೆಲವು ಸಂಗತಿ ನೆನೆಯಲಿ. 2010ರ ಮಾರ್ಚಿನಲ್ಲಿ ಎನ್ವಿಡಿಯಾ ತನ್ನ 196.75 ಡ್ರೈವರನ್ನು ವಾಪಸ್ ಪಡೆಯಿತು. ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ನಿಯಂತ್ರಣ ತಪ್ಪಿ ಕಾರ್ಡುಗಳು ಅತಿಯಾಗಿ ಬಿಸಿಯಾಗುತ್ತಿವೆ ಎಂಬ ದೂರುಗಳೇ ಅದಕ್ಕೆ ಕಾರಣ. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಕೈಕೊಟ್ಟಾಗ ಮೊದಲು ಬೊಟ್ಟು ಹೋದದ್ದು ಮದರ್‌ಬೋರ್ಡ್ ಸೆಟ್ಟಿಂಗುಗಳತ್ತ. ಕೊನೆಗೆ, ಪ್ರೊಸೆಸರ್ ಒಳಗಿನ ತನ್ನ ಮೈಕ್ರೋಕೋಡೇ ಹೆಚ್ಚಿನ ವೋಲ್ಟೇಜ್ ಕೇಳುತ್ತಿತ್ತು ಎಂದು ಕಂಪನಿ ಒಪ್ಪಿಕೊಂಡಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಇನ್ನು ಅಪ್‌ಡೇಟಿನಿಂದ ಫೋನುಗಳನ್ನು ನಿಧಾನ ಮಾಡಿದ್ದಕ್ಕೆ 2018ರಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಆ್ಯಪಲ್‌ಗೆ 1 ಕೋಟಿ ಯೂರೋ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೋ ದಂಡ ಹಾಕಿತು.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ಲೋಕಾಪುರದವರು ಬಾಗಲಕೋಟೆಗೆ ಹೋದರೆ ಸಾಕು. ಆದರೆ ದೋಷ ಪರೀಕ್ಷೆಯಿಂದ ಮಾತ್ರ ತಿಳಿಯುವಂಥದಾದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬೇಕು, ಅದರ ಶುಲ್ಕವನ್ನು ದೂರುದಾರರೇ ಮೊದಲು ಕಟ್ಟಬೇಕಾಗಿ ಬರಬಹುದು. ಕಂಪನಿ ತನ್ನ ಫರ್ಮ್‌ವೇರಿನ ವಿವರ ಕೊಡದಿದ್ದರೆ ಪ್ರಯೋಗಾಲಯಕ್ಕಾದರೂ ಏನು ಸಿಕ್ಕೀತು? ನೇಕಾರರ ಮನೆಯ, ಕಬ್ಬು ಕಡಿಯುವವರ ಮನೆಯ ಮಗು ಇಷ್ಟೆಲ್ಲ ಅಲೆಯುವುದಕ್ಕಿಂತ ಲ್ಯಾಪ್‌ಟಾಪ್ ಮೂಲೆಗಿಟ್ಟು ಮೊಬೈಲಿನಲ್ಲೇ ಓದುತ್ತದೆ. ಈಗ ಆಗುತ್ತಿರುವುದೂ ಅದೇ.

ಹಾಗಾಗಿ ನನ್ನ ಬೇಡಿಕೆಗಳಿವು. ರಿಪೇರಿ ಸೂಚ್ಯಂಕಕ್ಕೆ ಲ್ಯಾಪ್‌ಟಾಪನ್ನೂ, ಅದರ ಆದ್ಯತೆಯ ಬಿಡಿಭಾಗಗಳಿಗೆ ಫ್ಯಾನನ್ನೂ ಸೇರಿಸಬೇಕು. ಫ್ಯಾನ್, ಶಾಖ, ಬ್ಯಾಟರಿಗೆ ಸಂಬಂಧಿಸಿದ ಯಾವುದೇ ಬದಲಾವಣೆಯನ್ನು ಅಪ್‌ಡೇಟಿಗೆ ಮುಂಚೆ ಬಿಡಿಸಿ ಹೇಳಿ, ಒಪ್ಪಿಗೆ ಕೇಳಬೇಕು. ಫರ್ಮ್‌ವೇರ್ ಅಪ್‌ಡೇಟ್ ಆದ 90 ದಿನದೊಳಗೆ ಫ್ಯಾನ್ ದೋಷ ಕಂಡರೆ, ವಾರಂಟಿ ಮುಗಿದಿದ್ದರೂ ಕಂಪನಿಯೇ ಉಚಿತವಾಗಿ ಸರಿಪಡಿಸಬೇಕು. ಇಲ್ಲವೇ ಅಪ್‌ಡೇಟ್ ಕಾರಣವಲ್ಲ ಎಂದು ದಾಖಲೆ ಸಹಿತ ಬರೆದು ಕೊಡಬೇಕು. ರಾಜ್ಯ ಸರ್ಕಾರ 2019-20ನೇ ಸಾಲಿನಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಒಂದು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಕೊಟ್ಟಿತ್ತು. ಮುಂದೆ ಹೀಗೆ ಸಗಟು ಖರೀದಿ ಮಾಡುವಾಗ ಈ ಷರತ್ತುಗಳನ್ನು ಟೆಂಡರಿನಲ್ಲೇ ಬರೆಸಲಿ. ಅದಕ್ಕೆ ದೆಹಲಿಯ ಅಪ್ಪಣೆಗೆ ಕಾಯಬೇಕಿಲ್ಲ.

2025ರ ಜನವರಿಯಲ್ಲಿ ಐಒಎಸ್ 18 ಅಪ್‌ಡೇಟಿನ ನಂತರ ಐಫೋನುಗಳಲ್ಲಿ ತೊಂದರೆ ಕಾಣಿಸಿಕೊಂಡಾಗ ಆ್ಯಪಲ್‌ಗೆ ನೋಟಿಸ್ ಹೋಗಿದೆ ಎಂದು ಪ್ರಕಟಿಸಿದವರು ಧಾರವಾಡದ ಸಂಸದರೂ ಆದ ಗ್ರಾಹಕ ವ್ಯವಹಾರಗಳ ಸಚಿವ ಪ್ರಹ್ಲಾದ ಜೋಶಿ. ಆ ನೋಟಿಸಿಗೆ ಆಧಾರವಾದದ್ದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಬಂದ ದೂರುಗಳು. ಲ್ಯಾಪ್‌ಟಾಪಿನ ವಿಷಯದಲ್ಲೂ ಅದೇ ಕಾಳಜಿ ತೋರಬೇಕೆಂದು ಸಚಿವರನ್ನು ಒತ್ತಾಯಿಸುತ್ತೇನೆ. ಓದುಗರಲ್ಲಿಯೂ ಒಂದು ವಿನಂತಿ: ಅಪ್‌ಡೇಟಿನ ಬೆನ್ನಿಗೆ ಫ್ಯಾನ್ ಕೈಕೊಟ್ಟರೆ ಎರರಿನ ಫೋಟೊ ತೆಗೆಯಿರಿ, ಬಯಾಸ್ ಆವೃತ್ತಿ ಮತ್ತು ಅಪ್‌ಡೇಟ್ ಆದ ದಿನಾಂಕ ಬರೆದಿಡಿ, ಅದೇ ಸಹಾಯವಾಣಿಯ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ರಿಪೇರಿ ಅಂಗಡಿಗೆ ಬರುವುದು ಅದಾದ ಮೇಲಿರಲಿ.

ಇತಿ,
ಲ್ಯಾಪ್‌ಟಾಪ್ ದುರಸ್ತಿಗಾರ,
ಲೋಕಾಪುರ, ಬಾಗಲಕೋಟೆ ಜಿಲ್ಲೆ