ಮುತ್ಯಾನ ಕಥಿ ಬರ್ಕೊಳ್ರಿ



ನಮ್ಮಪ್ಪನ ಅಜ್ಜ ಎರಡನೇ ಮಹಾಯುದ್ಧದ ಸಿಪಾಯಿ. ‘ಮಿಲಿಟ್ರಿ ಮನಿತನ ನಮ್ದು’ ಅಂತ ದೊಡ್ಡಪ್ಪ ಮೀಸೆ ತಿರುವುತ್ತಾನೆ. ಯಾಕೆ ಹೋದ ಅಂತ ಕೇಳಿದರೆ ಸುಮ್ಮನಾಗುತ್ತಾನೆ. ಬಾಯಿ ಬಿಟ್ಟವಳು ಅಜ್ಜಿ: “ಮಾವ ಜೀತಕ್ಕಿದ್ದ ಮನಿ ಬಿಟ್ಟು ರಾತ್ರಿ ಓಡಿ ಹೋಗಿದ್ರಪ್ಪಾ, ಗದಗಿನ ತನಕ ನಡಕೊಂತ. ಹೊಟ್ಟಿಗಿರಲಿಲ್ಲ.”

ಆಗ ನಮ್ಮ ಯಲಬುರ್ಗಾ, ಕುಷ್ಟಗಿ ನಿಜಾಮನ ಸೀಮೆ, ಗದಗ ಬ್ರಿಟಿಷರದು. ಆ ಬ್ರಿಟಿಷರೇನೂ ಉದ್ಧಾರಕರಲ್ಲ. ಮೊದಲ ಯುದ್ಧದ ಹೊತ್ತಿಗೆ, 1917ರಲ್ಲಿ, 111ನೇ ಮಹಾರ್ ಪಲ್ಟನ್ ಕಟ್ಟಿ, 1921ರಲ್ಲಿ ಬರ್ಖಾಸ್ತು ಮಾಡಿದರು. ಮತ್ತೆ ಯುದ್ಧ ಬಂತು, ಬಾಬಾಸಾಹೇಬರು ಪಟ್ಟು ಹಿಡಿದರು. 1941ರಲ್ಲಿ ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟ್ ಎದ್ದಿತು. ಮುತ್ಯಾ ಅಲ್ಲಿ ಸೇರಿದ. ಯುದ್ಧಕ್ಕೆ ನಮ್ಮ ಕೈ ಮೈಲಿಗೆಯಾಗಲಿಲ್ಲ.

ಊರಿಗೆ ಬಂದಾಗ ಆಯಿತು. ಬೂಟು ಕೈಯಲ್ಲಿ ಹಿಡಿದು ಅಗಸಿ ದಾಟಬೇಕಾಯಿತು. ಚಾದಂಗಡಿಯಲ್ಲಿ ಹೊರಗಿನ ಬಸಿ. ಹಳೇ ಮಾತೇನು? 2014ರಲ್ಲಿ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ಹೋಟ್ಲು, ಕ್ಷೌರದಂಗಡಿಗೆ ಹೋಗೋ ಹಕ್ಕು ಕೇಳಿದ ಕೇರಿಯ ಗುಡಿಸಲು ಸುಟ್ಟರು. 2024ರಲ್ಲಿ ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು.

ಹಾಸ್ಟೆಲ್ಲಿನ ತಮ್ಮಂದಿರೇ, ತಂಗಿಯರೇ, ರಜೆಗೆ ಊರಿಗೆ ಹೋದಾಗ ಅಜ್ಜಿಯ ಹತ್ತಿರ ಕೂತು ಬರ್ಕೊಳ್ರಿ. ಬೂಟಿನ ಗತ್ತು ಬರೀರಿ. ಜೀತ, ಹಸಿವು, ಅವಮಾನವನ್ನೂ ಬರೀರಿ. ನಾಚಬೇಕಾದವರು ನಾವಲ್ಲ, ಬಿಟ್ಟಿ ದುಡಿಸಿಕೊಂಡವರು.